ಹೊಗೆ ಹೀರುವ ಯಂತ್ರ: ಮಾಲೀಕರ ಕೈಪಿಡಿ

ಅಭಿನಂದನೆಗಳು! ಪೀಣ್ಯದ ಯಾವುದೋ ಕ್ರಾಸಿನ ಒಳಗೆ, ತಗಡಿನ ಶೆಡ್ಡಿನಲ್ಲಿ, ನಾಲ್ಕು ವೆಲ್ಡಿಂಗ್ ಮಶೀನು, ಎರಡು ಗ್ರೈಂಡರು, ಒಂದು ಗಣಪತಿ ಫೋಟೋ ಇಟ್ಟುಕೊಂಡು ಇಷ್ಟು ವರ್ಷ ಗೇಟು, ಗ್ರಿಲ್ಲು, ಟ್ಯಾಂಕಿನ ಸ್ಟ್ಯಾಂಡು ಮಾಡಿಕೊಟ್ಟ ನೀವು ಈಗ ಹೊಗೆ ಹೀರುವ ಯಂತ್ರ ಕೊಳ್ಳಲು ಹೊರಟಿದ್ದೀರಿ. ಯಾಕೆ ಹೊರಟಿರಿ ಎಂದು ಈ ಕೈಪಿಡಿ ಕೇಳುವುದಿಲ್ಲ. ಮುಂದಿನ ತಿಂಗಳು ದೊಡ್ಡ ಕಂಪನಿಯವರು ಆಡಿಟ್‌ಗೆ ಬರುತ್ತಾರೆ, ಅಷ್ಟೇ ತಾನೆ? ಇರಲಿ. ಹೊಗೆಗೆ ಕಾರಣ ಕಟ್ಟಿಕೊಂಡು ಏನಾಗಬೇಕು.

ಹಂತ 1: ಹೊಗೆ ಇದೆಯೋ ಇಲ್ಲವೋ ನೋಡಿಕೊಳ್ಳಿ

ಬೆಳಿಗ್ಗೆ ಹತ್ತರ ಹೊತ್ತಿಗೆ ಶೀಟಿನ ಮೊಳೆ ತೂತುಗಳಿಂದ ಬಿಸಿಲು ಕೋಲು ಕೋಲಾಗಿ ಇಳಿಯುತ್ತದೆ. ಆ ಕೋಲು ನೆಲದವರೆಗೂ ಸ್ಪಷ್ಟವಾಗಿ ಕಂಡರೆ ಹೊಗೆ ಇದೆ ಎಂದು ಬರೆದುಕೊಳ್ಳಿ. ಕ್ಯಾಬಿನ್ನಿನ ಎ.ಸಿ. ಬಿಟ್ಟು ಬರಲು ಪುರುಸೊತ್ತಿಲ್ಲದಿದ್ದರೆ, ವೆಲ್ಡರ್ ಸಂಜೆ ಮೂಗು ಸೀಟಿದ ಕರ್ಚೀಫನ್ನು ತೋರಿಸಲು ಹೇಳಿ. ಊಟಕ್ಕೆ ಮೊದಲು ಬೇಡ.

‘ನಮ್ಮ ಹುಡುಗರಿಗೆ ಅಭ್ಯಾಸ ಆಗಿಬಿಟ್ಟಿದೆ’ ಎಂದು ಇಲ್ಲಿ ಹೇಳುವ ಪದ್ಧತಿಯಿದೆ. ಅದರಲ್ಲಿ ಒಂದು ಎಳೆ ನಿಜವೂ ಉಂಟು. ಜಿ.ಐ. ಪೈಪಿಗೆ ವೆಲ್ಡ್ ಹೊಡೆದರೆ ಮೇಲಿನ ಸತು ಸುಟ್ಟು ಬೆಳ್ಳನೆಯ ಹೊಗೆ ಏಳುತ್ತದೆ. ಅದನ್ನು ಕುಡಿದವನಿಗೆ ಅವತ್ತು ರಾತ್ರಿ ಚಳಿ, ಜ್ವರ, ಮೈಕೈ ನೋವು, ಬಾಯಲ್ಲಿ ಕಬ್ಬಿಣ ನೆಕ್ಕಿದಂಥ ರುಚಿ. ಮಲೇರಿಯಾ ಎಂದುಕೊಂಡು ರಕ್ತ ಪರೀಕ್ಷೆಗೆ ಓಡುವಷ್ಟು ನಡುಕ. ಒಂದೆರಡು ದಿನಕ್ಕೆ ತಾನಾಗಿ ಬಿಡುತ್ತದೆ. ವಾರವಿಡೀ ಅದೇ ಕೆಲಸವಾದರೆ ಮೈ ಒಗ್ಗಿಕೊಂಡು ಜ್ವರ ಬರುವುದಿಲ್ಲ. ಭಾನುವಾರದ ರಜೆಗೆ ಒಗ್ಗಿದ್ದೆಲ್ಲ ಮರೆತುಹೋಗಿ ಸೋಮವಾರ ಮತ್ತೆ ಹಾಜರು. ಅದಕ್ಕೇ ಇದನ್ನು ಸೋಮವಾರದ ಜ್ವರ ಅನ್ನುವುದೂ ಉಂಟು. ಹಾಗಾದರೆ ಭಾನುವಾರವೂ ಕೆಲಸ ಕೊಟ್ಟರಾಯಿತಲ್ಲ ಎಂದು ನಿಮ್ಮ ತಲೆಗೆ ಹೊಳೆದಿದ್ದರೆ, ದಯವಿಟ್ಟು ಈ ಪುಟವನ್ನು ಮತ್ತೊಮ್ಮೆ ಮೊದಲಿನಿಂದ ಓದಿ.

ಹಂತ 2: ಬೆಲ್ಲ, ಹಾಲು, ಬಾಳೆಹಣ್ಣು

ಹೊಗೆಗೆ ಮದ್ದೆಂದು ವೆಲ್ಡರ್‌ಗೆ ಇವನ್ನು ಕೊಡುವುದು ಮಾರುಕಟ್ಟೆಯಲ್ಲಿ ಸಿಗುವ ಅತಿ ಅಗ್ಗದ ವ್ಯವಸ್ಥೆ. ಕರೆಂಟು ಬೇಡ, ಫಿಟ್ಟಿಂಗ್ ಬೇಡ, ಸದ್ದೂ ಇಲ್ಲ. ಇರುವುದು ಒಂದೇ ದೋಷ: ಬೆಲ್ಲ ಹೊಟ್ಟೆಗೆ ಹೋಗುತ್ತದೆ, ಹೊಗೆ ಶ್ವಾಸಕೋಶಕ್ಕೆ. ಎರಡೂ ದಾರಿಯಲ್ಲಿ ಎಲ್ಲೂ ಭೇಟಿಯಾಗುವುದಿಲ್ಲ. ಹೊಗೆಯ ಕಣಗಳಲ್ಲಿ ಹೆಚ್ಚಿನವು ಒಂದು ಮೈಕ್ರಾನ್‌ಗಿಂತ ಸಣ್ಣವು. ಮೂಗಿನ ಕೂದಲಿಗಾಗಲಿ, ಮುಖಕ್ಕೆ ಕಟ್ಟಿದ ಒದ್ದೆ ಟವೆಲ್ಲಿಗಾಗಲಿ ಸೊಪ್ಪು ಹಾಕುವ ಜಾತಿಯಲ್ಲ. ಈ ಹೊಗೆಯ ಬಹುಪಾಲು ಬರುವುದು ನೀವು ಕೂಡಿಸುತ್ತಿರುವ ಕಬ್ಬಿಣದಿಂದಲ್ಲ, ಕರಗುತ್ತಿರುವ ರಾಡಿನಿಂದ. ರಾಡಿನಲ್ಲಿ ಮ್ಯಾಂಗನೀಸ್ ಇರುತ್ತದೆ; ವರ್ಷಗಟ್ಟಲೆ ಮೈಗೆ ಸೇರಿದರೆ ಅದು ಕೈ ನಡುಗಿಸಿ ನಡಿಗೆ ಕೆಡಿಸಬಲ್ಲದು. ಸ್ಟೇನ್‌ಲೆಸ್ ಸ್ಟೀಲ್ ಆದರೆ ನಿಕಲ್ ಜೊತೆಗೆ ಹೆಕ್ಸಾವೇಲೆಂಟ್ ಕ್ರೋಮಿಯಂ. 2017ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಏಜೆನ್ಸಿ ವೆಲ್ಡಿಂಗ್ ಹೊಗೆಯನ್ನು, ಇದು ಯಾವ ಲೋಹದ್ದು ಎಂದು ಭೇದ ಮಾಡದೆ, ಕ್ಯಾನ್ಸರ್ ತರುವುದು ಖಚಿತ ಎನ್ನುವ ಮೊದಲನೇ ಗುಂಪಿಗೆ ಸೇರಿಸಿತು. ತಂಬಾಕಿನ ಹೊಗೆಯೂ ಅದೇ ಗುಂಪಿನದು. ಒಂದೇ ಗುಂಪು ಎಂದರೆ ಪುರಾವೆ ಅಷ್ಟೇ ಗಟ್ಟಿ ಎಂದರ್ಥ, ಎರಡರ ಅಪಾಯವೂ ಒಂದೇ ತೂಕದ್ದು ಎಂದಲ್ಲ. ಆದರೂ ‘ಬೀಡಿ ಸೇದುವವರು ಶೆಡ್ಡಿನ ಹೊರಗೆ ಹೋಗಿ’ ಎಂದು ಬೋರ್ಡು ಬರೆಸಿದ ಮಾಲೀಕರು ಇಲ್ಲಿ ಸ್ವಲ್ಪ ಹೊತ್ತು ನಿಲ್ಲಬಹುದು.

ಹಂತ 3: ಫ್ಯಾನು

ಪೆಡೆಸ್ಟಲ್ ಫ್ಯಾನು ಒಬ್ಬನ ಹೊಗೆಯನ್ನು ಪಕ್ಕದವನಿಗೆ ದಾನ ಮಾಡುತ್ತದೆ. ಮಿಗ್ ವೆಲ್ಡಿಂಗ್ ಇದ್ದರೆ ಕಾಪಾಡಬೇಕಾದ ಗ್ಯಾಸನ್ನೂ ಹಾರಿಸಿಕೊಂಡು ಹೋಗಿ ಜಾಯಿಂಟಿನ ತುಂಬ ಸಣ್ಣ ಸಣ್ಣ ತೂತು ಬೀಳಿಸುತ್ತದೆ. ಗಿರಾಕಿಯ ಕಂಪ್ಲೇಂಟು ಶ್ವಾಸಕೋಶದ ಕಂಪ್ಲೇಂಟಿಗಿಂತ ಬೇಗ ಬರುವುದರಿಂದ ಈ ಫ್ಯಾನನ್ನು ಮಾತ್ರ ಮಾಲೀಕರು ತಾವಾಗಿಯೇ ಆಫ್ ಮಾಡುತ್ತಾರೆ.

ಆಮೇಲಿನ ಆಯ್ಕೆ, ಅಡುಗೆಮನೆ ಚಿಮಣಿಯ ದೊಡ್ಡಣ್ಣನಂತೆ ಟೇಬಲ್ಲಿನ ಮೇಲೆ ತೂಗುಹಾಕುವ ತಗಡಿನ ಹುಡ್. ನೋಡಲು ಭರ್ಜರಿ, ಆಡಿಟ್ ಫೋಟೋದಲ್ಲಿ ಚೆನ್ನಾಗಿ ಬರುತ್ತದೆ. ಹೊಗೆ ನೆಟ್ಟಗೆ ಮೇಲೇರುತ್ತದೆ, ವೆಲ್ಡರ್ ಕೆಲಸದ ಮೇಲೆ ಬಗ್ಗಿರುತ್ತಾನೆ. ಕೆಂಪಗೆ ಕರಗಿದ ಲೋಹಕ್ಕೂ ನಿಮ್ಮ ಹುಡ್ಡಿಗೂ ನಡುವೆ ಇರುವುದು ಅವನ ಮುಖ. ಅಂದರೆ ಹುಡ್ಡಿಗೆ ತಲುಪುವುದು ಆಗಲೇ ಒಂದು ಸಲ ಸೋಸಿದ ಹೊಗೆ.

ಹಂತ 4: ಗೇಣು ಹಾಕಿ

ಇಲ್ಲಿಗೆ ಕೊಟೇಶನ್ನಿನವರು ಬರುತ್ತಾರೆ. ಮಡಚುವ ತೋಳು, ತುದಿಗೆ ಬಾಯಿ, ಕೆಳಗೆ ಚಕ್ರದ ಪೆಟ್ಟಿಗೆ, ಒಳಗೆ ಬ್ಲೋವರ್ ಮತ್ತು ಫಿಲ್ಟರ್. ನೀವು ‘ಎಷ್ಟು ಎಚ್.ಪಿ.?’ ಎಂದು ಕೇಳುತ್ತೀರಿ. ಅವರಿಗೂ ಅದೇ ಪ್ರಶ್ನೆ ಇಷ್ಟ. ಕೇಳಬೇಕಾದದ್ದು ‘ಎಷ್ಟು ಗೇಣು?’ ಎಂದು.

ದೀಪವನ್ನು ಮೊಳ ದೂರದಿಂದ ಊದಿ ಆರಿಸಬಹುದು. ಅದೇ ದೂರದಿಂದ ಉಸಿರೆಳೆದುಕೊಂಡು ಆರಿಸಿ ನೋಡೋಣ. ಊದಿದ ಗಾಳಿ ನೆಟ್ಟಗೆ ಹೋಗುತ್ತದೆ, ಹೀರುವ ಬಾಯಿಗೆ ಗಾಳಿ ಎಲ್ಲ ಕಡೆಯಿಂದ ನುಗ್ಗುತ್ತದೆ. ಹೊಗೆಯನ್ನು ಹಿಡಿದೆಳೆಯಲು ಅದು ಹುಟ್ಟುವ ಜಾಗದಲ್ಲಿ ಸೆಕೆಂಡಿಗೆ ಅರ್ಧ ಮೀಟರ್ ವೇಗ ಬೇಕು ಎನ್ನುವುದು ಈ ಕಸುಬಿನ ರೂಢಿಯ ಲೆಕ್ಕ. ಆರಿಂಚಿನ ಬಾಯಿಯನ್ನು ಒಂದು ಗೇಣು ದೂರದಲ್ಲಿಟ್ಟರೆ ಇದಕ್ಕೆ ಗಂಟೆಗೆ ಸುಮಾರು 1,000 ಘನ ಮೀಟರ್ ಗಾಳಿ ಸಾಕು. ಎರಡು ಗೇಣಾದರೆ 4,000ದ ಹತ್ತಿರ. ಮೂರು ಗೇಣಿಗೆ 8,000 ದಾಟುತ್ತದೆ. ದೂರ ದುಪ್ಪಟ್ಟಾದರೆ ಗಾಳಿ ನಾಲ್ಕು ಪಟ್ಟು, ಅದರ ಹಿಂದೆಯೇ ಮೋಟರು, ಕರೆಂಟು, ಬಿಲ್ಲು. ಎರಡು ಗೇಣು ದೂರವನ್ನು ಎಚ್.ಪಿ. ಕೊಟ್ಟು ಕೊಳ್ಳಲು ಹೊರಟವರನ್ನು ಕಂಡು ನನಗೆ ನಗು ಬರುತ್ತಿತ್ತು, ನಾನೇ ಕೊಳ್ಳುವವರೆಗೆ.

ಸರ್ಕಾರಕ್ಕೂ ಇದು ಹೊಸ ವಿಷಯವಲ್ಲ. ಹೀರುವ ಸಾಧನವನ್ನು ಹೊಗೆ ಹುಟ್ಟುವ ಜಾಗಕ್ಕೆ ಆದಷ್ಟೂ ಹತ್ತಿರ ಇಡಬೇಕು ಎಂದು 1948ರ ಕಾರ್ಖಾನೆ ಕಾಯ್ದೆಯ 14ನೇ ಸೆಕ್ಷನ್ನೇ ಹೇಳಿತ್ತು. ಕರೆಂಟು ಬಳಸುವ ಕಡೆ ಹತ್ತು ಮಂದಿ ದುಡಿದರೆ ಆ ಕಾಯ್ದೆ ಅನ್ವಯವಾಗುತ್ತಿತ್ತು. ನಿಮ್ಮ ಹಾಜರಿ ಪುಸ್ತಕ ಒಂಬತ್ತಕ್ಕೇ ನಿಂತಿದ್ದು ಬರೀ ಕಾಕತಾಳೀಯ ಎಂದು ಈ ಕೈಪಿಡಿ ನಂಬುತ್ತದೆ.

ಹಂತ 6: ಪಾಲನೆ ಪೋಷಣೆ (5ನೆಯದು ಹೊಗೆಯಲ್ಲಿ ಕಾಣಿಸಲಿಲ್ಲ)

ಫಿಲ್ಟರಿಗೆ ಹೊಟ್ಟೆ ತುಂಬುತ್ತದೆ. ತುಂಬಿದ ಮೇಲೆ ಸದ್ದು ಮಾತ್ರ ಇರುತ್ತದೆ, ಹೀರುವುದು ನಿಂತಿರುತ್ತದೆ. ಒತ್ತಡ ತೋರಿಸುವ ಮೀಟರು ಪೆಟ್ಟಿಗೆಯ ಮೇಲೆಯೇ ಇದೆ. ಅದರ ಗಾಜಿನ ಮೇಲೆ ಹಾಜರಿ ಚೀಟಿ ಅಂಟಿಸಬೇಡಿ. ಫಿಲ್ಟರು ಹಿಡಿಯುವುದು ಕಣಗಳನ್ನು. ಓಝೋನ್, ಕಾರ್ಬನ್ ಮೊನಾಕ್ಸೈಡ್‌ನಂಥ ಗ್ಯಾಸು ಅದರೊಳಗಿಂದ ನುಸುಳಿ ಮತ್ತೆ ಶೆಡ್ಡಿಗೇ ಬರುತ್ತದೆ. ಸಾಧ್ಯವಿದ್ದರೆ ಪೈಪು ಹೊರಗೆ ಬಿಡಿ, ಪಕ್ಕದ ಶೆಡ್ಡಿನ ಕಿಟಕಿಗಲ್ಲ. ಹೀರುವ ಬಾಯಿಗೆ ಬೀಡಿ ತುಂಡು ಎಸೆದರೆ ಫಿಲ್ಟರಿಗೆ ಬೆಂಕಿ ಹತ್ತಬಹುದು. ಅಲ್ಯುಮಿನಿಯಂ ಉಜ್ಜಿದ ಪುಡಿಯನ್ನು ಈ ಪೆಟ್ಟಿಗೆಗೆ ಎಳೆಸಲೇಬೇಡಿ; ಈ ಒಂದು ಸಾಲು ತಮಾಷೆಯಲ್ಲ, ಆ ಪುಡಿ ಸಿಡಿಯುತ್ತದೆ.

ಬಿಲ್ಲಿನ ಚಿಂತೆಯೇ? ಒಂದು ಎಚ್.ಪಿ. ಮೋಟರು ಎಂಟು ಗಂಟೆ ಓಡಿದರೆ ಸುಮಾರು ಆರು ಯೂನಿಟ್. ಕ್ಯಾಬಿನ್ನಿನ ಎ.ಸಿ. ಎಷ್ಟು ಕುಡಿಯುತ್ತದೆ ಎಂದು ಈ ಕೈಪಿಡಿ ಕೇಳುವುದಿಲ್ಲ.

ಹಂತ 7: ಪರೀಕ್ಷೆ

ದುಬಾರಿ ಮೀಟರು ಬೇಡ, ಊದುಬತ್ತಿ ಸಾಕು. ನನ್ನ ಶೆಡ್ಡಿನಲ್ಲಿ ಈ ಪರೀಕ್ಷೆ ನಡೆದದ್ದು ಆಯುಧಪೂಜೆಯ ದಿನ, ಅದೂ ಗೊತ್ತಿಲ್ಲದೆ. ಯಂತ್ರ ಕೊಂಡು ವರ್ಷವಾಗಿತ್ತು. ಅಷ್ಟರಲ್ಲಿ ಅದರ ತೋಳು ಮೇಲಕ್ಕೆ ಮಡಚಿಕೊಂಡು ಊಟದ ಬ್ಯಾಗು ನೇತುಹಾಕುವ ಗೂಟವಾಗಿತ್ತು. ಬ್ಯಾಗು ತೆಗೆದು, ವಿಭೂತಿ ಬಳಿದು, ಕುಂಕುಮ ಇಟ್ಟು, ಟೇಬಲ್ಲಿನ ಮೇಲೆ ಬಾಳೆಹಣ್ಣಿಗೆ ಊದುಬತ್ತಿ ಚುಚ್ಚಿದೆವು. ಪೂಜೆಯಲ್ಲಿ ಎಲ್ಲ ಮಶೀನೂ ಓಡಬೇಕೆಂದು ಮೇಸ್ತ್ರಿ ಸ್ವಿಚ್ಚು ಹಾಕಿದ. ಬ್ಲೋವರ್ ಗುಂಯ್ ಎಂದಿತು. ಊದುಬತ್ತಿಯ ಹೊಗೆ ಅದರ ಪಾಡಿಗೆ ನೆಟ್ಟಗೆ ಏರಿ ಗಣಪತಿ ಫೋಟೋ ಕಡೆ ಹೋಯಿತು.

ಮೇಸ್ತ್ರಿ ತೋಳನ್ನು ಹಿಡಿದು ಕೆಳಗೆಳೆದ. ಮೂರು ಗೇಣು, ಏನೂ ಇಲ್ಲ. ಎರಡು ಗೇಣಿಗೆ ಹೊಗೆ ಒಮ್ಮೆ ಅಲ್ಲಾಡಿತು. ಒಂದು ಗೇಣಿಗೆ ಬಂದದ್ದೇ ತಡ, ದಾರ ಎಳೆದ ಹಾಗೆ ಬಾಗಿ ಬಾಯೊಳಗೆ ಹೋಯಿತು. ಹುಡುಗರೆಲ್ಲ ಮಂಗಳಾರತಿ ಬಿಟ್ಟು ಅದನ್ನೇ ನೋಡಿದರು. ಮೇಸ್ತ್ರಿ ಹೋಲ್ಡರ್ ಹಿಡಿಯುವ ಭಂಗಿಯಲ್ಲಿ ಬಗ್ಗಿ ನೋಡಿ, ತೋಳಿನ ಬಾಯಿಗೆ ಹಣೆ ತಾಗಿಸಿಕೊಂಡು, ನನ್ನ ಕಡೆ ತಿರುಗಿದ.

“ಇಷ್ಟ್ ಹತ್ರ ತಂದ್ರೆ ನನ್ ತಲೆ ಎಲ್ಲಿ ಇಟ್ಕೊಳ್ಲಿ ಸಾರ್?”

ಟೇಪು ತರಿಸಿ ಟೇಬಲ್ಲಿನ ಎತ್ತರ ಅಳೆದೆವು. ಕುಂಬಳಕಾಯಿ ಒಡೆಯುವುದು ಅರ್ಧ ಗಂಟೆ ತಡವಾಯಿತು.