ಯಾರ ಪೈಕಿ ನೀವು?

ಹಾವೇರಿಯಲ್ಲಿ ರೈಲು ಹತ್ತಿ ರಾಣೆಬೆನ್ನೂರಿಗೆ ಹೊರಟವನನ್ನು ಎದುರಿಗೆ ಕೂತವರು ಹೆಸರು ಕೇಳುವುದಿಲ್ಲ. ಹೆಸರಿನಿಂದ ತಿಳಿಯುವುದಾದರೂ ಏನು? ನಮ್ಮ ಕಡೆ ‘ಬಸವರಾಜ’ ಎಂದು ಕೂಗಿದರೆ ಅರ್ಧ ಬೋಗಿ ತಿರುಗಿ ನೋಡುತ್ತದೆ. ಕೇಳುವುದು ಒಂದೇ: ‘ಯಾರ ಪೈಕಿ ನೀವು?’ ಉತ್ತರ ಕೊಂಚ ಆಚೀಚೆ ಆದರೂ ಅಡ್ಡಿಯಿಲ್ಲ. ಬ್ಯಾಡಗಿ ಸ್ಟೇಶನ್ ದಾಟುವಷ್ಟರಲ್ಲಿ ಅವರ ನಾದಿನಿಯನ್ನು ನಮ್ಮ ಓಣಿಗೇ ಕೊಟ್ಟಿರುವುದು ಪತ್ತೆಯಾಗಿ, ಅವರ ಗಿರ್ಮಿಟ್ ಪೊಟ್ಟಣ ನಮ್ಮ ಕೈಗೆ ಬಂದಿರುತ್ತದೆ.

ಕಂಪ್ಯೂಟರಿಗೆ ಈ ದೊಡ್ಡ ಮನಸ್ಸಿಲ್ಲ. ಇದು ನನಗೆ ತಿಳಿದದ್ದು ಕಳೆದ ದಸರಾ ರಜೆ ಮುಗಿದ ಮೇಲೆ. ನಮ್ಮ ಮನೆಯ ಕಂಪ್ಯೂಟರು ಅಲ್ಲಿಯವರೆಗೆ ಬಲು ಸಂಭಾವಿತ. ಗುಂಡಿ ಒತ್ತಿದರೆ, ನಾನು ಚಹಾ ಕುಡಿದು ಬರುವಷ್ಟರಲ್ಲಿ ತೆರೆದುಕೊಂಡು ಕಾಯುತ್ತಿತ್ತು. ಒಂದು ಬೆಳಿಗ್ಗೆ ಇದ್ದಕ್ಕಿದ್ದಂತೆ ನೀಲಿ ಪರದೆಯ ನಡುವೆ ಒಂದು ಪೆಟ್ಟಿಗೆ ಮೂಡಿಸಿ ‘ಪಿನ್’ ಎಂದಿತು. ನಾನು ಹಾಕದ ಪಿನ್ನನ್ನು ನನ್ನ ದುಡ್ಡಿನಲ್ಲಿ ಕೊಂಡ ಯಂತ್ರ ನನ್ನನ್ನೇ ಕೇಳುತ್ತಿದೆ!

ಸುದ್ದಿ ಓಣಿಗೆಲ್ಲ ಹರಡಿತು. ರಾಣೆಬೆನ್ನೂರು ತಾಲೂಕಿನ ದೇವರಗುಡ್ಡದಲ್ಲಿ ದಸರಾ ಹೊತ್ತಿಗೆ ಗೊರವಯ್ಯ ಬಿಲ್ಲನ್ನೇರಿ ಒಂದೇ ಸಾಲಿನ ಕಾರಣಿಕ ನುಡಿಯುತ್ತಾನಲ್ಲ, ಆಮೇಲೆ ರೈತರು ಅದರಲ್ಲಿ ಮಳೆಯನ್ನೂ ರಾಜಕಾರಣಿಗಳು ಕುರ್ಚಿಯನ್ನೂ ಹುಡುಕುತ್ತಾರಲ್ಲ, ನಮ್ಮ ಪರದೆಯ ಆ ಒಂದು ಶಬ್ದಕ್ಕೂ ಅದೇ ಗತಿಯಾಯಿತು. ನಿವೃತ್ತ ಮಾಸ್ತರರು ವೈರಸ್ ಎಂದರು. ಹಾಲಿನವನು ‘ರೀಚಾರ್ಜ್ ಮುಗದಿರಬೇಕ್ರಿ’ ಎಂದ. ನನ್ನ ಹೆಂಡತಿ ಮಾತ್ರ, ‘ರಜಾದಾಗ ಅದರ ಮುಂದ ಕುಂತಾಂವ ಯಾರು ಅನ್ನೂದು ನೋಡ್ರಿ’ ಎಂದು ನೇರ ರಾಣೆಬೆನ್ನೂರಿನ ಕಡೆ ಬೆರಳು ತೋರಿಸಿದಳು. ಅಲ್ಲಿರುವುದು ನನ್ನ ಅಕ್ಕನ ಮನೆ. ಕಾಲೇಜು ಓದುವ ಅವಳ ಮಗ ರಜೆಗೆಂದು ನಮ್ಮಲ್ಲಿಗೆ ಬಂದಿದ್ದ.

ಫೋನು ಮಾಡಿದೆ. ಹುಡುಗ ಒಪ್ಪಿಕೊಂಡ. ಒಂದು ಆಟ ಇಳಿಸಿಕೊಳ್ಳಲು ಆ್ಯಪ್ ಅಂಗಡಿಯೊಳಗೆ ತನ್ನ ಇ-ಮೇಲ್ ಕೊಟ್ಟಿದ್ದನಂತೆ. ಹಾಗೆ ಕೊಟ್ಟಾಗ ‘ಈ ಖಾತೆಯನ್ನು ಇಡೀ ಕಂಪ್ಯೂಟರಿಗೆ ಬಳಸಲೇ?’ ಎಂದು ಅದು ಕೇಳುತ್ತದೆ. ‘ಈ ಆ್ಯಪಿಗಷ್ಟೇ ಸಾಕು’ ಎಂಬ ಇನ್ನೊಂದು ದಾರಿ ಕೆಳಗೆ ಸಣ್ಣ ಅಕ್ಷರದಲ್ಲಿರುತ್ತದೆ. ಆಟದ ಆತುರದಲ್ಲಿರುವ ಯಾವ ಹುಡುಗ ಸಣ್ಣ ಅಕ್ಷರ ಓದಿದ್ದಾನೆ? ದೊಡ್ಡ ಗುಂಡಿ ಒತ್ತಿದ. ಅಲ್ಲಿಗೆ ನಮ್ಮ ಮನೆಯ ಲೋಕಲ್ ಖಾತೆ ಹೋಗಿ, ಅಳಿಯನ ಹೆಸರಿನ ಮೈಕ್ರೋಸಾಫ್ಟ್ ಖಾತೆ ಯಜಮಾನಿಕೆ ವಹಿಸಿಕೊಂಡಿತು. ಅದರ ಜೊತೆಗೇ ಪಿನ್ನೂ ಬಂತು.

‘ಅದೆಲ್ಲಾ ಇರಲೋ, ಪಿನ್ ಹೇಳು.’

ಆ ಕಡೆ ಮೌನ. ಆಮೇಲೆ ಪಿಸುದನಿ: ‘ಮಾಮಾ, ಬಾಜೂಕ ಅವ್ವ ಕುಂತಾಳ. ಮೆಸೇಜ್ ಹಾಕ್ತೀನಿ.’

ಬಂದದ್ದು ನಾಲ್ಕೇ ಅಂಕಿ. ಬಾಗಿಲೇನೋ ತೆರೆಯಿತು, ಆದರೆ ನನ್ನ ಹೆಂಡತಿ ಕಂಪ್ಯೂಟರು ಬಿಟ್ಟು ಆ ಅಂಕಿಗಳ ಹಿಂದೆ ಬಿದ್ದಳು. ಬಳಗದ ಯಾರ ಹುಟ್ಟಿದ ದಿನವೂ ಅದಲ್ಲ. ಯಾರ ಗಾಡಿಯ ನಂಬರೂ ಅಲ್ಲ. ‘ಯಾರೋ ಒಬ್ಬಾಕಿ ಅದಾಳ’ ಎಂಬ ತೀರ್ಮಾನ ಸಂಜೆಯೊಳಗೆ ರಾಣೆಬೆನ್ನೂರು ತಲುಪಿತು. ಪಿನ್ನು ಕಂಪ್ಯೂಟರಿಗೆ ಎಷ್ಟು ಕಾವಲಾಯಿತೋ ಕಾಣೆ, ಹುಡುಗನಿಗಂತೂ ಕಾವಲು ಬಿತ್ತು.

ಇನ್ನು ಆ ಪೆಟ್ಟಿಗೆಯನ್ನು ಕಾಯಂ ಆಗಿ ತೆಗೆಯುವ ಕೆಲಸ. ವಿಂಡೋಸ್ ಗುಂಡಿಯ ಜೊತೆ ಆರ್ ಒತ್ತಿ, ಒಂದು ಆಜ್ಞೆ ಬರೆಯಬೇಕು ಎಂದ ಹುಡುಗ. ಅದು ನೆಟ್‌ಪಿಎಲ್‌ವಿಜ್. ಉಚ್ಚಾರಕ್ಕೇ ಒಗ್ಗದ್ದನ್ನು ಫೋನಿನಲ್ಲಿ ಬರೆಸುವುದು ಹೇಗೆ? ಊರ ಹೆಸರು ಹಿಡಿದು ಹೊರಟ.

‘ಎನ್ ಅಂದ್ರ ನೆಗಳೂರು. ಇ ಅಂದ್ರ ನಿಮ್ಮ ಹಾವೇರಿ ಏಲಕ್ಕಿ ಹಾರ. ಟಿ ಅಂದ್ರ ತಿಳವಳ್ಳಿ. ಪಿ ಅಂದ್ರ ಕಾರಣಿಕದ ಪರಾಕ್. ಎಲ್ ಅಂದ್ರ ಲಕ್ಷ್ಮೇಶ್ವರ. ಡಬ್ಲ್ಯೂ ಅಂದ್ರ... ಡಬ್ಲ್ಯೂ ಅಂದ್ರ ವರದಾ ಹೊಳಿ.’

‘ವರದಾ ಹೊಳೀದು ವಿ ಅಲ್ಲೇನೋ?’

‘ಬ್ಯಾಸಗಿಯೊಳಗ ವಿ, ಮಾಮಾ. ಮಳಿಗಾಲದಾಗ ಎರಡು ಪಟ್ಟು ಆಗತೈತಲ್ಲ, ಆ ಹೊಳಿ!’

ಪರೀಕ್ಷೆಯಲ್ಲಿ ಈ ಬುದ್ಧಿ ಓಡಿಸಿದ್ದರೆ! ‘ಐ ಅಂದ್ರ ಇಟಗಿ, ಝಡ್‌ಗೆ ಊರು ಸಿಗವಲ್ತು, ಹಂಗ ಹೊಡೀರಿ’ ಎಂದು ಮುಗಿಸಿದ.

ಒಂದು ಕಿಟಕಿ ತೆರೆಯಿತು. ‘ಬಳಕೆದಾರರು ಹೆಸರು, ಪಾಸ್‌ವರ್ಡ್ ಕೊಡಲೇಬೇಕು’ ಎಂಬರ್ಥದ ಸಾಲಿನ ಮುಂದಿನ ಗುರುತು ತೆಗೆದರಾಯಿತಂತೆ. ಆದರೆ ಆ ಸಾಲೇ ಅಲ್ಲಿರಲಿಲ್ಲ. 2020ರಿಂದೀಚಿನ ವಿಂಡೋಸ್ 10ರಲ್ಲಿ ಸೆಟ್ಟಿಂಗ್ಸ್‌ನ ಸೈನ್-ಇನ್ ಆಯ್ಕೆಗಳಲ್ಲಿ ‘ವಿಂಡೋಸ್ ಹಲೋ’ ಎಂಬ ಪಿನ್ ಬಗೆಯ ಪ್ರವೇಶವನ್ನು ಕಡ್ಡಾಯ ಮಾಡುವ ಒಂದು ಸ್ವಿಚ್ ಇದೆ. ಅದು ಚಾಲೂ ಇರುವವರೆಗೆ ಈ ಸಾಲು ಮರೆಯಾಗಿರುತ್ತದೆ. ಸ್ವಿಚ್ ಆರಿಸಿ ಬಂದರೆ ಸಾಲು ಹಾಜರ್. ಗುರುತು ತೆಗೆದೊಡನೆ ಅದು ಖಾತೆಯ ಪಾಸ್‌ವರ್ಡ್ ಕೇಳಿತು. ಪಿನ್ ಆ ಒಂದು ಯಂತ್ರಕ್ಕೆ ಮಾತ್ರ ಸಂಬಂಧಪಟ್ಟದ್ದು. ಪಾಸ್‌ವರ್ಡ್ ಹಾಗಲ್ಲ, ಅದು ಕೈಗೆ ಸಿಕ್ಕರೆ ಜಗತ್ತಿನ ಯಾವ ಮೂಲೆಯಿಂದಲೂ ಅವನ ಮೇಲ್ ತೆರೆಯಬಹುದು. ಮನೆಯಲ್ಲಿ ಪಿನ್ನಿನ ವಿಚಾರಣೆ ಇನ್ನೂ ನಡೆದಿರುವಾಗ ಹುಡುಗ ಅದನ್ನು ಕೊಟ್ಟಾನೆಯೇ? ಬೇರೆ ದಾರಿ ಹೇಳಿದ. ಸೆಟ್ಟಿಂಗ್ಸ್‌ನ ಖಾತೆಗಳ ಪುಟದಲ್ಲಿ ‘ಲೋಕಲ್ ಖಾತೆಯಿಂದ ಸೈನ್-ಇನ್’ ಎಂಬುದನ್ನು ಒತ್ತಿ, ಪಿನ್ ಕೊಟ್ಟು, ನನ್ನ ಹೆಸರು ಬರೆದು, ಪಾಸ್‌ವರ್ಡಿನ ಖಾನೆಗಳನ್ನು ಖಾಲಿ ಬಿಟ್ಟು ಮುಂದೆ ಹೋಗಬೇಕು. ಉಳಿದ ಪಿನ್ನನ್ನೂ ಕಿತ್ತುಹಾಕಬೇಕು. ಹಾಗೇ ಮಾಡಿದೆ. ಕಂಪ್ಯೂಟರಿಗೆ ಮತ್ತೆ ಮೊದಲಿನ ಸಂಭಾವಿತತನ ಬಂತು.

ಆದರೂ ಈ ಗುಟ್ಟಿನ ವ್ಯವಹಾರ ತಲೆಯಿಂದ ಇಳಿಯಲಿಲ್ಲ. ಗುಟ್ಟು ನಮಗೇನು ಹೊಸದೇ? ದನದ ಸಂತೆಯಲ್ಲಿ ಇಬ್ಬರು ಟವೆಲ್ಲಿನ ಮರೆಯಲ್ಲಿ ಬೆರಳು ಹಿಚುಕಿ ಎತ್ತಿನ ದರ ಮುಗಿಸುತ್ತಾರೆ. ಸುತ್ತ ನೂರು ಜನ ನಿಂತಿದ್ದರೂ ಅಂಕಿ ಆಚೆ ಬರುವುದಿಲ್ಲ. ನಮ್ಮ ಗುಟ್ಟಿಗೆ ಕಡಿಮೆಯೆಂದರೆ ಎರಡು ಕೈ ಬೇಕು, ಒಬ್ಬನೇ ಇಟ್ಟುಕೊಂಡು ಕೂಡುವುದು ನಮ್ಮಿಂದಾಗದು. ಪಾಸ್‌ವರ್ಡು ಕೇಳುವುದು ಆ ಒಂಟಿ ಗುಟ್ಟನ್ನೇ. ಅದು ಹುಟ್ಟಿದಲ್ಲೂ ನಿಂತಿಲ್ಲ ಎನ್ನುವುದು ಸಮಾಧಾನದ ಸಂಗತಿ. 1960ರ ದಶಕದ ಆರಂಭದಲ್ಲಿ ಅಮೆರಿಕದ ಎಂಐಟಿಯಲ್ಲಿ, ಒಂದೇ ಕಂಪ್ಯೂಟರನ್ನು ಹಲವರು ಹಂಚಿಕೊಳ್ಳುವ ವ್ಯವಸ್ಥೆಗೆ ಫರ್ನಾಂಡೊ ಕೊರ್ಬಾಟೊ ಪಾಸ್‌ವರ್ಡ್ ಇಟ್ಟರು. 1962ರಲ್ಲೇ ಅಲನ್ ಶೆರ್ ಎಂಬ ಸಂಶೋಧನಾ ವಿದ್ಯಾರ್ಥಿ, ತನಗೆ ಕೊಟ್ಟ ಸಮಯ ಸಾಲದೆ, ಪಾಸ್‌ವರ್ಡುಗಳ ಕಡತವನ್ನೇ ಮುದ್ರಿಸಿಕೊಡುವಂತೆ ಯಂತ್ರಕ್ಕೆ ಪಂಚ್ ಕಾರ್ಡ್ ಕೊಟ್ಟ. ಯಂತ್ರ ವಿನಯದಿಂದ ಮುದ್ರಿಸಿಕೊಟ್ಟಿತು. ಕೊರ್ಬಾಟೊ ಅವರೇ 2014ರಲ್ಲಿ, ಈ ಪಾಸ್‌ವರ್ಡುಗಳು ದುಃಸ್ವಪ್ನವಾಗಿಬಿಟ್ಟಿವೆ ಎಂದು ಹೇಳಿಕೊಂಡರು.

ಇಷ್ಟು ಜ್ಞಾನ ಸಂಪಾದಿಸಿದವನು ಸುಮ್ಮನಿರಬಾರದೆಂದು ಬ್ಯಾಡಗಿಗೆ ಹೋದೆ. ಅಲ್ಲಿ ನನ್ನ ಷಡ್ಡಕನ ಮೆಣಸಿನಕಾಯಿ ದಲಾಲಿ ಅಂಗಡಿಯಿದೆ. ಬ್ಯಾಡಗಿ ಮೆಣಸಿನಕಾಯಿಗೆ 2011ರಲ್ಲಿ ಭೌಗೋಳಿಕ ಗುರುತು ಸಿಕ್ಕಿತು. ಬಣ್ಣ ಜಾಸ್ತಿ, ಖಾರ ಕಡಿಮೆ ಎಂಬುದೇ ಅದರ ಹೆಗ್ಗುರುತು. ಹಾಗೆಂದು ಆ ಪೇಟೆ ಯಾರನ್ನೂ ಬಾಗಿಲಲ್ಲಿ ತಡೆಯುವುದಿಲ್ಲ. ಬಳ್ಳಾರಿ, ರಾಯಚೂರು, ಆಂಧ್ರದ ಚೀಲಗಳೂ ಬಂದು ಸಾಲಿನಲ್ಲಿ ಕೂಡುತ್ತವೆ. ಡಬ್ಬಿ ಯಾವುದು, ಕಡ್ಡಿ ಯಾವುದು, ಯಾರ ಪೈಕಿಯದು ಯಾವುದು ಎಂದು ಖರೀದಿದಾರರು ಹಿಡಿ ಕಾಯಿ ನೋಡಿಯೇ ಹೇಳುತ್ತಾರೆ. ಇಷ್ಟು ಕಣ್ಣಿರುವ ಪೇಟೆಯಲ್ಲಿ ನನ್ನ ಷಡ್ಡಕನ ಕಂಪ್ಯೂಟರಿನ ಪಾಸ್‌ವರ್ಡು ಮಾತ್ರ ಕೆಂಪು ಧೂಳು ಕೂತ ಪರದೆಯ ಅಂಚಿಗೆ ಚೀಟಿಯಾಗಿ ಅಂಟಿತ್ತು. ಗುಮಾಸ್ತ, ಹಮಾಲರು, ಚಹಾದ ಹುಡುಗ, ಯಾರು ಬೇಕಾದರೂ ಓದಬಹುದು.

ನಾನು ಗಂಭೀರನಾಗಿ ತಿಳಿಹೇಳಿದೆ: ‘ಮನೀ ಕಂಪ್ಯೂಟರ್ ತೆರೆದಿದ್ರ ನಡೀತೈತಿ. ನಂದರಾಗ ಮೊಮ್ಮಕ್ಕಳ ಫೋಟೋ ಬಿಟ್ರ ಏನಿಲ್ಲ. ನಿಂದರಾಗ ರೈತರ ಪಟ್ಟಿ, ಬ್ಯಾಂಕು, ಜಿಎಸ್‌ಟಿ ಎಲ್ಲಾ ಐತಿ. ಚೀಟಿ ಹರದ ಹಾಕು.’ ಅವನು ಚೀಟಿ ಹರಿದ. ಹೊಸ ಪಾಸ್‌ವರ್ಡ್ ಹಾಕಿಸುವೆನೆಂದು ಮಾತೂ ಕೊಟ್ಟ.

ಮುಂದಿನ ಸೋಮವಾರ, ಟೆಂಡರಿನ ದಿನ, ಅವನ ಫೋನು.

‘ಅಣ್ಣಾರ, ನೀವು ಹೇಳಿದಂಗ ಭಾಳ ಗಟ್ಟಿ ಪಾಸ್‌ವರ್ಡ್ ಹಾಕಸೇನ್ರಿ. ಯಾರಿಗೂ ಗೊತ್ತಿಲ್ಲ.’

‘ಚಲೋ ಆತು.’

‘ನನಗೂ ಗೊತ್ತಿಲ್ರಿ. ಗುಮಾಸ್ತನ ತಲಿಯೊಳಗ ಐತಿ. ಅಂವಾ ಮೋಟೆಬೆನ್ನೂರಿಗೆ ಮದುವಿಗೆ ಹೋಗ್ಯಾನ, ಊಟಕ್ಕ ಕುಂತಾನಂತ, ಫೋನ್ ಎತ್ತವಲ್ಲ.’

‘ಯಾರನ್ನರ ಕಳಸು ಮಾರಾಯಾ!’

‘ಕಳಿಸೇನ್ರಿ, ಹಮಾಲ ಹುಡುಗನ್ನ ಬೈಕ್ ಮ್ಯಾಲ. ಬೀಗರು ಬಿಡಲಿಲ್ಲಂತ, ಅವನೂ ಊಟಕ್ಕ ಕುಂತಾನ.’