ಗುಡ್ಡ ಜರಿಯಲಿ, ವರದಿ ಬೇಡ

2009ರ ಅಕ್ಟೋಬರಿನಲ್ಲಿ ಮಾಲ್ಡೀವ್ಸ್ ಅಧ್ಯಕ್ಷ ಮೊಹಮ್ಮದ್ ನಶೀದ್ ಸಮುದ್ರದ ತಳದಲ್ಲಿ ಸಂಪುಟ ಸಭೆ ನಡೆಸಿದರು. ಮಂತ್ರಿಗಳು ಬೆನ್ನಿಗೆ ಸಿಲಿಂಡರ್ ಕಟ್ಟಿಕೊಂಡು ಮುಳುಗಿ, ಹೊಗೆ ಕಡಿಮೆ ಮಾಡಿ ಎಂದು ಜಗತ್ತಿಗೆ ಬರೆದ ಪತ್ರಕ್ಕೆ ಸಹಿ ಹಾಕಿದರು. ನಾಟಕವೇ ಇರಲಿ. ನೀರು ಎಲ್ಲಿಗೆ ಬಂದಿದೆ ಅನ್ನುವುದಾದರೂ ಅವರಿಗೆ ಗೊತ್ತಿತ್ತು.

ನಮ್ಮ ಕರ್ನಾಟಕದ ಸಂಪುಟ 2024ರ ಸೆಪ್ಟೆಂಬರ್ 26ರಂದು ಪಶ್ಚಿಮ ಘಟ್ಟದ ರಕ್ಷಣೆ ಕುರಿತ ಕಸ್ತೂರಿರಂಗನ್ ವರದಿಯನ್ನು ತಿರಸ್ಕರಿಸಿತು. ವಯನಾಡಿನ ಗುಡ್ಡ ಊರುಗಳ ಮೇಲೆ ಬಿದ್ದು ಎರಡು ತಿಂಗಳೂ ಆಗಿರಲಿಲ್ಲ. ಶಿರೂರಿನ ಗುಡ್ಡ ಕೊಚ್ಚಿಕೊಂಡು ಹೋಗಿದ್ದ ಲಾರಿಯನ್ನು ಗಂಗಾವಳಿ ನದಿಯಿಂದ ಮೇಲೆತ್ತಿದ್ದು ಹಿಂದಿನ ದಿನ. ಒಂದು ದಿನವಾದರೂ ಕಾಯಬಹುದಿತ್ತು.

ಯೋಜನೆಗೆ ನಮ್ಮಲ್ಲಿ ಬರವಿಲ್ಲ. 2008ರಲ್ಲೇ ದೇಶಕ್ಕೊಂದು ಹವಾಮಾನ ಕ್ರಿಯಾ ಯೋಜನೆ ಬಂತು, ಎಂಟು ಮಿಷನ್‌ಗಳ ಸಮೇತ. ಆಮೇಲೆ ರಾಜ್ಯಕ್ಕೂ ಒಂದು. ಇವಕ್ಕೆ ಯಾರ ವಿರೋಧವೂ ಇಲ್ಲ. ಇವು ಯಾರ ಜೆಸಿಬಿಯನ್ನೂ ನಿಲ್ಲಿಸುವುದಿಲ್ಲವಲ್ಲ!

ನಿಲ್ಲಿಸುವ ಮಾತಾಡಿದ್ದು ಆ ವರದಿ ಆಧರಿಸಿದ ಪಶ್ಚಿಮ ಘಟ್ಟದ ಕರಡು ಅಧಿಸೂಚನೆ. 2014ರಿಂದ 2024ರವರೆಗೆ ಕೇಂದ್ರ ಅದನ್ನು ಆರು ಸಲ ಹೊರಡಿಸಿತು. ಬೆಂಗಳೂರಿನಲ್ಲಿ ಸರ್ಕಾರ ಬದಲಾಯಿತು, ಪಕ್ಷ ಬದಲಾಯಿತು. ‘ಬೇಡ’ ಅನ್ನುವ ಉತ್ತರ ಬದಲಾಗಲಿಲ್ಲ. ಯಾವುದಕ್ಕೂ ಒಂದಾಗದವರು ಇದೊಂದಕ್ಕೆ ಒಂದಾದರು.

ಅಧಿಸೂಚನೆಯಲ್ಲಿ ಬೇಡ ಅಂದಿದ್ದೇನು? ಗಣಿ, ಕಲ್ಲುಕ್ವಾರಿ, ಮರಳು ದಂಧೆ, ಅತಿ ಮಾಲಿನ್ಯದ ಕಾರ್ಖಾನೆ. ಜತೆಗೆ 20,000 ಚದರ ಮೀಟರ್‌ಗಿಂತ ದೊಡ್ಡ ಕಟ್ಟಡ. ಅಂದರೆ ಎರಡು ಲಕ್ಷ ಚದರಡಿಗೂ ಮೇಲೆ. ಮೂಡಿಗೆರೆಯ ಯಾವ ಎರಡೆಕರೆ ರೈತ ಅಷ್ಟು ದೊಡ್ಡ ಮನೆ ಕಟ್ಟಿಸುತ್ತಿದ್ದಾನೆ? ಆದರೂ ‘ನಿನ್ನ ಮನೆ ಹೋಯ್ತು’ ಅಂತ ಹೆದರಿಸಿದ್ದು ಅವನನ್ನೇ. ವರದಿ ವಿರೋಧಿ ಬಂದ್ ದಿನ ಮುಂದೆ ನಿಲ್ಲಿಸಿದ್ದೂ ಅವನನ್ನೇ. ಎರಡು ಲಕ್ಷ ಚದರಡಿಯ ಕನಸು ಕಂಡವರು ಹಿಂದಿನ ಸಾಲಿನಲ್ಲಿ ತಣ್ಣಗಿದ್ದರು.

ಕುದುರೆಮುಖದ ಗಣಿ ಮುಚ್ಚಿಸಲು ಹೋರಾಡಿದ ಮಲೆನಾಡು ಇದೇ. 2005ರ ಕೊನೆಗೆ ಗಣಿ ನಿಂತಾಗ ಬೀಗಿದ್ದೂ ಇದೇ. ಈಗ ಗಣಿ ಬೇಡ ಅನ್ನುವ ಕಾಗದ ಕಂಡರೆ ಇದಕ್ಕೆ ಮೈಯುರಿ.

ಹವಾಮಾನ ಕೆಟ್ಟಿದೆ ಅಂತ ಕಾಫಿ ಬೆಳೆಗಾರನಿಗೆ ಯಾರೂ ಪಾಠ ಹೇಳಬೇಕಿಲ್ಲ. ಹೂಮಳೆ ಕೈಕೊಟ್ಟರೆ ಹಳ್ಳಕ್ಕೆ ಮೋಟಾರ್ ಇಳಿಸಿ ಸ್ಪ್ರಿಂಕ್ಲರ್. ಆಗಸ್ಟಿನಲ್ಲಿ ಮಳೆ ಬಿಡದಿದ್ದರೆ ಕೊಳೆರೋಗ, ಗಿಡದ ಬುಡದಲ್ಲಿ ಕಾಯಿಯ ಹಾಸು. ಕೊಯ್ಲಿನಲ್ಲಿ ಮೋಡ ಕಟ್ಟಿದರೆ ಕಣಕ್ಕೆ ಟಾರ್ಪಾಲ್ ಹಿಡಿದು ಓಟ. ‘ಕಾಲ ಕೆಟ್ಟೋಯ್ತು ಮಾರಾಯ್ರೆ’ ಅನ್ನುತ್ತಾನೆ. ಅದೇ ಉಸಿರಿನಲ್ಲಿ ‘ವರದಿ ಬೇಡ’ ಅನ್ನುತ್ತಾನೆ.

ಅದೇ ತೋಟದ ನೆತ್ತಿಯಲ್ಲಿ ರೆಸಾರ್ಟಿಗಾಗಿ ಜೆಸಿಬಿ ಧರೆ ಕಡಿಯುತ್ತಿರುತ್ತದೆ. ಧರೆಯ ಅಂಚಿಗೆ ಈಜುಕೊಳ. ಕಡಿದ ಕೆಂಪು ಮಣ್ಣು ಹಳ್ಳಕ್ಕೆ. ಗೇಟಿನಲ್ಲಿ ಬೋರ್ಡು: ‘ಪ್ರಕೃತಿಯ ಮಡಿಲಲ್ಲಿ’.

ಸರ್ಕಾರದ ಚಮತ್ಕಾರ ಇನ್ನೂ ಚಂದ. 2024ರ ಆಗಸ್ಟಿನಲ್ಲಿ ಘಟ್ಟದ ಒತ್ತುವರಿ ತೆರವಿಗೆ ಕಾರ್ಯಪಡೆ. ಸೆಪ್ಟೆಂಬರಿನಲ್ಲಿ ವರದಿಗೆ ತಿರಸ್ಕಾರ. ಕಂದಾಯ ಭೂಮಿ ಒತ್ತಿದ ಕಾಫಿ ಬೆಳೆಗಾರರಿಗೆ 25 ಎಕರೆವರೆಗೆ 30 ವರ್ಷ ಗುತ್ತಿಗೆ ಕೊಡಲು ಮೊದಲೇ ಕಾನೂನು ತಯಾರು. ಒಂದು ಕೈಯಲ್ಲಿ ಲಾಠಿ, ಇನ್ನೊಂದು ಕೈಯಲ್ಲಿ ಹಾರ.

ಇತ್ತ ಮಳೆಗೆ ರಾಜಕೀಯ ಗೊತ್ತಿಲ್ಲ. ಭದ್ರೆ ಉಕ್ಕಿದರೆ ಹೆಬ್ಬಾಳೆ ಸೇತುವೆ ಮುಳುಗುತ್ತದೆ, ಕಳಸ–ಹೊರನಾಡು ದಾರಿ ಬಂದ್. 2019ರ ಆಗಸ್ಟಿನಲ್ಲಿ ಚಾರ್ಮಾಡಿ ಘಾಟಿ ಜರಿಯಿತು. ಮೂಡಿಗೆರೆ ತಾಲ್ಲೂಕಿನ ಮಲೆಮನೆಯಲ್ಲಿ ಮನೆಗಳೇ ಮಣ್ಣುಪಾಲಾದವು. ರಬ್ಬರ್ ಬೂಟು ತೊಟ್ಟ ನಾಯಕರು ಬಂದರು, ಫೋಟೊ ಆಯಿತು, ಪರಿಹಾರ ಘೋಷಣೆ ಆಯಿತು. ಮನೆ ಕಳೆದುಕೊಂಡವರು ಆಮೇಲೂ ಕಚೇರಿ ಅಲೆದರು.

ಕಸ್ತೂರಿರಂಗನ್ ವರದಿಯಲ್ಲಿ ತಪ್ಪಿದ್ದರೆ ತಿದ್ದಬೇಕಿತ್ತು. ಊರಿನ ಗಡಿ ತಪ್ಪಿದ್ದರೆ ಸ್ಥಳಕ್ಕೆ ಹೋಗಿ ಅಳೆಯಬೇಕಿತ್ತು. ಗ್ರಾಮಸಭೆ ಕರೆದು ಕನ್ನಡದಲ್ಲಿ ಓದಿ ಹೇಳಬೇಕಿತ್ತು. ಹತ್ತು ವರ್ಷ ಸಾಲಲಿಲ್ಲವೇ?

ಮುಂದಿನ ಸಲ ವೋಟು ಕೇಳಲು ಬಂದವರನ್ನು ಅಂಗಳದಲ್ಲೇ ನಿಲ್ಲಿಸಿ ಕೇಳಿ: ವರದಿ ಬೇಡ, ಸರಿ, ಬದಲಿಗೆ ನಿಮ್ಮ ಹತ್ತಿರ ಏನಿದೆ? ‘ಪರಿಹಾರ ಕೊಡಿಸ್ತೀವಿ’ ಅಂದರೆ ತಿಳಿದುಕೊಳ್ಳಿ, ಗುಡ್ಡ ಜರಿಯಲು ಅವರ ಒಪ್ಪಿಗೆ ಇದೆ.