ನೌಕಾಜಲಮೀಮಾಂಸೆ

ಮೂವತ್ತು ಅಡಿಯ ಹಾಯಿದೋಣಿಯಲ್ಲಿ ಕುಡಿಯುವ ನೀರನ್ನು ಎಲ್ಲಿ, ಎಷ್ಟು, ಹೇಗೆ ಇಡಬೇಕೆಂಬುದೇ ಈ ಶಾಸ್ತ್ರದ ವಿಷಯ. ಬಾಯಾರಿದವನು ಅಧಿಕಾರಿ. ಬಾಯಾರದೆ ದಡ ಸೇರುವುದು ಪ್ರಯೋಜನ.

ಸುತ್ತಲೂ ನೀರೇ ಇರುವಾಗ ನೀರು ಹೊತ್ತೊಯ್ಯುವುದು ವ್ಯರ್ಥವಲ್ಲವೆ ಎನ್ನುವುದು ಪೂರ್ವಪಕ್ಷ. ಅಲ್ಲ. ಕಡಲಿನ ಒಂದು ಲೀಟರ್ ನೀರಿನಲ್ಲಿ ಸುಮಾರು 35 ಗ್ರಾಂ ಉಪ್ಪಿದೆ. ಅದನ್ನು ಹೊರಹಾಕಲು ಮೂತ್ರಪಿಂಡಕ್ಕೆ ಕುಡಿದದ್ದಕ್ಕಿಂತ ಹೆಚ್ಚು ನೀರು ಬೇಕು. ಕುಡಿದಷ್ಟೂ ಒಣಗಿಸುವ ಈ ದ್ರವದಲ್ಲಿ ಪಾತ್ರೆ ತೊಳೆಯಬಹುದು. ಅದಕ್ಕಿಂತ ಹೆಚ್ಚಿನ ಸಲುಗೆ ಸಲ್ಲದು.

ತಲೆಗೆ ದಿನಕ್ಕೆ 4 ಲೀಟರ್ ಎಂದು ಹಿಡಿದರೂ ಇಬ್ಬರಿಗೆ 30 ದಿನಕ್ಕೆ 240 ಲೀಟರ್, ಅಂದರೆ 240 ಕಿಲೋ. ಇದನ್ನು ಮೂವರು ದಪ್ಪ ಬೀಗರೆಂದೇ ಭಾವಿಸಿ ಆಸನ ಕೊಡಬೇಕು. ಮೂತಿಯಲ್ಲಿ ಕೂರಿಸಿದರೆ ದೋಣಿ ಮುಗ್ಗರಿಸುತ್ತದೆ, ಪಕ್ಕಕ್ಕೆ ಕೂರಿಸಿದರೆ ವಾಲುತ್ತದೆ. ಆದ್ದರಿಂದ ನಟ್ಟನಡುವೆ, ಆದಷ್ಟೂ ತಳದಲ್ಲಿ. ಅರ್ಧ ಖಾಲಿಯಾದ ಟ್ಯಾಂಕಿನಲ್ಲಿ ನೀರು ಅತ್ತಿತ್ತ ಅಪ್ಪಳಿಸದಂತೆ ಒಳಗೆ ಅಡ್ಡತಡೆಗಳಿರಬೇಕು.

ಈಗ ಮುಖ್ಯ ವಿವಾದ. ಟ್ಯಾಂಕು ಒಂದೋ ಎರಡೋ?

ಅದ್ವೈತಿಗಳ ಪ್ರಕಾರ ನೀರು ಒಂದೇ, ಆದ್ದರಿಂದ ಟ್ಯಾಂಕೂ ಒಂದೇ; ಎರಡನೆಯದು ಭ್ರಾಂತಿ ಮತ್ತು ದುಂದುವೆಚ್ಚ. ವಿಶಿಷ್ಟಾದ್ವೈತಿಗಳು ಎರಡಿಟ್ಟು ನಡುವೆ ಪೈಪು, ಪೈಪಿಗೊಂದು ವಾಲ್ವು ಕೂರಿಸುತ್ತಾರೆ. ಸುಂದರ ಸಮನ್ವಯ, ಆದರೆ ವಾಲ್ವು ಮುಚ್ಚಲು ಮರೆತ ದಿನ ನೀರೆಲ್ಲ ವಾಲಿದ ಕಡೆಗೇ ಹರಿದು ದೋಣಿಯನ್ನು ಇನ್ನಷ್ಟು ವಾಲಿಸುತ್ತದೆ. ದ್ವೈತಿಗಳಿಗೆ ಪೈಪಿನ ಮಾತೇ ಮೈಲಿಗೆ. ಅವರ ಪಂಚಭೇದಗಳಲ್ಲಿ ಜಡ-ಜಡ ಭೇದವೊಂದಿದೆ. ನೀರಿಗೂ ಡೀಸೆಲ್ಲಿಗೂ ಇರುವುದು ಅದೇ. ಡೆಕ್ಕಿನ ಮೇಲೆ ಇವೆರಡರ ಬಾಯಿಗಳನ್ನು ಅಕ್ಕಪಕ್ಕ ಇಟ್ಟು ಒಂದೇ ಬಗೆಯ ಮುಚ್ಚಳ ಹಾಕಿದ ದೋಣಿಗಳುಂಟು. ಅಂಥ ದೋಣಿಯವರು ಭೇದದ ಸತ್ಯವನ್ನು ಬೆಳಗಿನ ಚಹಾದಲ್ಲಿ ಅರಿಯುತ್ತಾರೆ.

ದೃಷ್ಟಾಂತಕ್ಕೆ ಮುಂಬೈಯಲ್ಲಿ ತೇಗದಿಂದ ಕಟ್ಟಿದ 32 ಅಡಿಯ ‘ಸುಹೈಲಿ’. ರಾಬಿನ್ ನಾಕ್ಸ್-ಜಾನ್‌ಸ್ಟನ್ ಅದರಲ್ಲಿ 1968ರ ಜೂನ್ 14ರಂದು ಇಂಗ್ಲೆಂಡಿನ ಫಾಲ್ಮತ್ ಬಿಟ್ಟು, ಒಬ್ಬರೇ ಎಲ್ಲಿಯೂ ನಿಲ್ಲದೆ ಭೂಮಿ ಸುತ್ತಿ, 1969ರ ಏಪ್ರಿಲ್ 22ರಂದು ಮರಳಿದರು. ದಕ್ಷಿಣ ಸಾಗರದಲ್ಲಿ ಅಲೆ ದೋಣಿಯನ್ನು ಮಗುಚಿ ಮಲಗಿಸಿದ ಮೇಲೆ ಟ್ಯಾಂಕಿನ ನೀರು ಕೆಟ್ಟುಹೋಯಿತು. ಉಳಿಸಿದ್ದು ಬೇರೆ ಡಬ್ಬಿಗಳಲ್ಲಿದ್ದ ನೀರು, ಹಾಯಿಯಿಂದ ಹಿಡಿದ ಮಳೆ. ದ್ವೈತ ಇಲ್ಲಿ ಗೆದ್ದಿತೆಂದೇ ನನ್ನ ಮತ. ಅದ್ವೈತಿಗಳು ಹತ್ತು ಲೀಟರಿನ ಕ್ಯಾನುಗಳನ್ನು ಮಾಯೆಯೆಂದು ಕರೆದಾದರೂ ಜೊತೆಗೊಯ್ಯಲಿ.

ಎಷ್ಟು ನೀರು ಉಳಿದಿದೆ ಎಂದು ತಿಳಿಯಲು ಪ್ರಮಾಣಗಳು ಮೂರು. ಮುಚ್ಚಳ ತೆಗೆದು ಕೋಲು ಅದ್ದುವುದು ಪ್ರತ್ಯಕ್ಷ. ಗೋಡೆಯ ಮೇಲಿನ ಮುಳ್ಳು ಹೇಳುವುದು ಶಬ್ದ; ಉಪ್ಪುಗಾಳಿಯಲ್ಲಿ ವೈರು ಕೆಟ್ಟ ಮೇಲೂ ಅದು ‘ಮುಕ್ಕಾಲು’ ಎಂದೇ ಜಪಿಸಬಲ್ಲದಾದ್ದರಿಂದ ಆಪ್ತವಾಕ್ಯವಲ್ಲ. ಇನ್ನು ಅನುಮಾನ: ಪಂಪು ಕೆಮ್ಮುತ್ತಿದೆ, ಆದ್ದರಿಂದ ಟ್ಯಾಂಕು ಖಾಲಿ, ಹೊಗೆಯಿಂದ ಬೆಂಕಿಯಂತೆ. ಇದು ಹೇತ್ವಾಭಾಸ. ದೋಣಿ ವಾಲಿದಾಗ ನೀರು ಪೈಪಿನ ಬಾಯಿಂದ ದೂರ ಸರಿದರೂ ಪಂಪು ಕೆಮ್ಮುತ್ತದೆ. ಈ ತರ್ಕದೋಷದಿಂದ ದಂಪತಿಗಳು ನೀರಿದ್ದೂ ಬಾಯಾರಿ, ಯಾರು ತಲೆಸ್ನಾನ ಮಾಡಿದರೆಂದು ಜಗಳವಾಡುವುದುಂಟು. ಕಾಲಿನಲ್ಲಿ ತುಳಿಯುವ ಪಂಪು ಮೇಲು: ಮೀನಖಂಡ ನೋಯುವುದರಿಂದ ತಲೆಸ್ನಾನದ ಅಪೇಕ್ಷೆ ತಾನಾಗಿ ಕ್ಷೀಣಿಸುತ್ತದೆ.

ಮಳೆ ಹಿಡಿಯುವಾಗ, ಹಾಯಿಯ ಕೆಳಅಂಚಿನ ಅಡ್ಡಕಂಬವಾದ ಬೂಮಿನ ಹೊರತುದಿಯನ್ನು ಎತ್ತಿ ಕಟ್ಟಿದರೆ ಹಾಯಿಯ ನೀರು ಕೂವೆಕಂಬದ ಬುಡಕ್ಕೆ, ಅಲ್ಲಿಟ್ಟ ಬಕೆಟ್ಟಿಗೆ ಇಳಿಯುತ್ತದೆ. ಮೊದಲ ನೀರು ಹಾಯಿಯ ಉಪ್ಪು ತೊಳೆಯಲೆಂದು ಕಡಲಿಗೆ. ಆಮೇಲೆ ನಾಲಿಗೆಯೇ ಪ್ರಮಾಣ.

ಕೊನೆಗೆ ನವ್ಯರು. ಕಡಲ ನೀರನ್ನು ಐವತ್ತು-ಅರವತ್ತು ವಾತಾವರಣಗಳ ಒತ್ತಡದಲ್ಲಿ ಪೊರೆಯ ಮೂಲಕ ತಳ್ಳಿ ಸಿಹಿ ಮಾಡುವ ಯಂತ್ರವಿರುವಾಗ ಸಂಗ್ರಹವೇಕೆ ಎನ್ನುತ್ತಾರೆ. ಆ ಪೊರೆಗೆ ಬಂದರಿನ ಕ್ಲೋರಿನ್ ನಲ್ಲಿನೀರು ಆಗದು, ಎಣ್ಣೆ ತೇಲುವ ಕೊಳಕು ಕಡಲೂ ಆಗದು, ಬ್ಯಾಟರಿ ಇಳಿದರೆ ಪಂಪೂ ಏಳದು. ಅದು ನಿಂತ ಸಂಜೆ ನವ್ಯರು ಪುಟ್ಟ ದೋಣಿಯಲ್ಲಿ ಹುಟ್ಟು ಹಾಕುತ್ತ ಪಕ್ಕದ ದ್ವೈತಿಗಳ ಬಳಿಗೆ ಬಂದು, ಯಂತ್ರದ ಗುಣಗಾನವನ್ನೇ ಮುಂದುವರಿಸುತ್ತ, ಕ್ಯಾನು ಚಾಚುತ್ತಾರೆ.